ಬ್ಯಾಚಿನ ಗ್ರೂಪಿನಲ್ಲಿ ಹಾರ್ವರ್ಡ್ ಜಗಳ

ನಮ್ಮದು 1996ರಲ್ಲಿ ಸಿಇಟಿ ಬರೆದು ಸೇರಿದ ಎಂಜಿನಿಯರಿಂಗ್ ಬ್ಯಾಚು. ಗ್ರೂಪಿನಲ್ಲಿ ಸಾಮಾನ್ಯವಾಗಿ ಹುಟ್ಟುಹಬ್ಬದ ಕೇಕು, ಶುಗರ್‌ಗೆ ಮನೆಮದ್ದು, ಇಷ್ಟೇ ಓಡಾಡುತ್ತವೆ. ಕಳೆದ ಭಾನುವಾರ ಮಾತ್ರ ಒಂದು ಫಾರ್ವರ್ಡ್ ಬಂತು, ಸಂಜೆವರೆಗೂ ಯಾರೂ ಫೋನ್ ಕೆಳಗಿಡಲಿಲ್ಲ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ಹೆಸರಿನ ಜಾಗದಲ್ಲಿ ಹಾಸ್ಟೆಲಿನ ಅಡ್ಡಹೆಸರು ಉಳಿಸಿದ್ದೇನೆ. ಇಮೋಜಿ, ಬೈಗುಳ ತೆಗೆದಿದ್ದೇನೆ. ಕಂಸದಲ್ಲಿರುವುದು ಅಡ್ಮಿನ್ ಆದ ನನ್ನ ಗೊಣಗಾಟ.

ಗೌಡ: (ಫಾರ್ವರ್ಡ್) ಅಮೆರಿಕದ ಸುಪ್ರೀಂ ಕೋರ್ಟ್ ಕಾಲೇಜುಗಳಲ್ಲಿ ಮೀಸಲಾತಿ ಕಿತ್ತುಹಾಕಿದೆ!! ಇನ್ಮೇಲೆ ಬರೀ ಮೆರಿಟ್!! ಅದಕ್ಕೇ ಅವರು ನಂಬರ್ ಒನ್. ನಮಗೆ ಯಾವಾಗ ಬುದ್ಧಿ ಬರುತ್ತೆ? ನಿಜವಾದ ಭಾರತೀಯರಾದರೆ ಹತ್ತು ಗ್ರೂಪಿಗೆ ಕಳಿಸಿ.

ಭಟ್ಟ (ನ್ಯೂಜೆರ್ಸಿ): ಹಳೇ ಸುದ್ದಿ ಗೌಡ, 2023ರ ಜೂನ್ 29ರದ್ದು. ಆದರೆ ಒಳ್ಳೇ ಸುದ್ದಿ. ನಮ್ಮ ಮಕ್ಕಳಿಗೆ ಆಗುತ್ತಿದ್ದ ಅನ್ಯಾಯ ಕೊನೆಗೂ ಕೋರ್ಟಿನ ಕಣ್ಣಿಗೆ ಬಿತ್ತು.

ಮೇಷ್ಟ್ರು: ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನೋಕೆ ಬಿಡಿ ಅಂದರೆ ಕೇಳಲ್ಲ. ಗೌಡ, ಆ ಫಾರ್ವರ್ಡ್ ತಪ್ಪು. 2023ರ ಹೊತ್ತಿಗೆ ಅಮೆರಿಕದ ಕಾಲೇಜುಗಳಲ್ಲಿ ನಮ್ಮ ಥರದ ಮೀಸಲಾತಿ ಇರಲೇ ಇಲ್ಲ. ಕಿತ್ತುಹಾಕೋದು ಏನನ್ನ?

ಗೌಡ: ಹಾಗಾದರೆ ಇಷ್ಟು ವರ್ಷ ಕೋರ್ಟಿನಲ್ಲಿ ಏನು ಕಡಲೆಕಾಯಿ ಬಿಡಿಸುತ್ತಿದ್ದರಾ?

ಮೇಷ್ಟ್ರು: ಕೇಳು. ಕ್ಯಾಲಿಫೋರ್ನಿಯಾದ ಡೇವಿಸ್ ಮೆಡಿಕಲ್ ಕಾಲೇಜು 100 ಸೀಟಿನಲ್ಲಿ 16 ಸೀಟು ಕಪ್ಪು ಜನರಿಗೆ ಮತ್ತು ಬೇರೆ ಅಲ್ಪಸಂಖ್ಯಾತರಿಗೆ ಎತ್ತಿಟ್ಟಿತ್ತು. ಬಕ್ಕಿ ಅನ್ನೋ ಬಿಳಿಯ ಕೇಸು ಹಾಕಿದ. 1978ರಲ್ಲೇ ಸುಪ್ರೀಂ ಕೋರ್ಟ್ ‘ಸೀಟು ಎತ್ತಿಡುವ ಹಾಗಿಲ್ಲ’ ಅಂದಿತು. ಅಲ್ಲಿಗೆ ಕೋಟಾ ಕಥೆ ಮುಗಿಯಿತು, ನಾವು ಹುಟ್ಟಿದ ವರ್ಷವೇ. ಉಳಿದದ್ದು ಏನಪ್ಪಾ ಅಂದರೆ, ಅಪ್ಲಿಕೇಶನ್ ನೋಡುವಾಗ ಮಾರ್ಕ್ಸು, ಆಟ, ಪ್ರಬಂಧದ ಜೊತೆ ಹುಡುಗ ಯಾವ ಜನಾಂಗ ಅನ್ನೋದನ್ನೂ ಒಂದು ಅಂಶ ಅಂತ ತೂಗಬಹುದು, ಅಷ್ಟೇ. 2023ರಲ್ಲಿ ನಿಲ್ಲಿಸಿದ್ದು ಆ ತೂಗುವುದನ್ನು.

ಭಟ್ಟ: ‘ಅಷ್ಟೇ’ ಅಂತ ಹಗುರ ಮಾಡಬೇಡ ಮೇಷ್ಟ್ರೇ. ಈ ತೀರ್ಪು ಬಂದ ಹಾರ್ವರ್ಡ್ ಕೇಸಿನಲ್ಲಿ ಏನು ಹೊರಬಂತು ಗೊತ್ತಲ್ವಾ? ಏಷ್ಯನ್ ಮಕ್ಕಳಿಗೆ ಮಾರ್ಕ್ಸು ಚೆನ್ನಾಗಿದೆ, ಚಟುವಟಿಕೆ ಚೆನ್ನಾಗಿದೆ, ಆದರೆ ‘ವ್ಯಕ್ತಿತ್ವ’ ಅಂತ ಒಂದು ಕಾಲಮ್ ಇಟ್ಟು ಅಲ್ಲಿ ಕಡಿಮೆ ಅಂಕ. ಮುಖ ನೋಡದೆ, ಮಾತಾಡದೆ, ನಮ್ಮ ಮಕ್ಕಳ ಸ್ವಭಾವ ಸರಿಯಿಲ್ಲ ಅಂತ ಬರೆಯೋಕೆ ಇವರು ಯಾರು? ಹೋದ ವರ್ಷ ನನ್ನ ಮಗಳು ಅಪ್ಲಿಕೇಶನ್ ಹಾಕಿದಾಗ ಆರು ತಿಂಗಳು ನಮ್ಮ ಮನೆಯಲ್ಲಿ ನಿದ್ದೆ ಇಲ್ಲ. ಕೌನ್ಸೆಲರ್ ಒಬ್ಬರು ಹೇಳಿದರು, ‘ತೀರಾ ಇಂಡಿಯನ್ ಅನ್ನಿಸದ ಹಾಗೆ ಬರೆಯಿರಿ’ ಅಂತ. ಹದಿನೇಳು ವರ್ಷದ ಹುಡುಗಿಗೆ ಹೇಳುವ ಮಾತಾ ಇದು?

(ಭಟ್ಟ ಇಷ್ಟುದ್ದ ಕನ್ನಡದಲ್ಲಿ ಟೈಪ್ ಮಾಡಿದ್ದು ನಾನು ಇದೇ ಮೊದಲು ನೋಡಿದ್ದು. ಹೊಟ್ಟೆ ಉರಿದಿದೆ ಅಂತಲೇ ಅರ್ಥ.)

ಮೇಷ್ಟ್ರು: ಅದು ತಪ್ಪೇ ಭಟ್ಟ, ನಾನು ಒಪ್ಪುತ್ತೇನೆ. ಬೇಕಂತಲೇ ಮಾಡಿದ ತಾರತಮ್ಯ ಅಲ್ಲ ಅಂತ 2019ರಲ್ಲಿ ಕೆಳಗಿನ ಕೋರ್ಟು ಹೇಳಿತ್ತು. ಆದರೂ ಆ ಕಾಲಮ್ ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ನನ್ನ ತಕರಾರು ಬೇರೆ. ಆ ಕಾಲಮ್ ಹುಟ್ಟಿದ್ದು ಸೀಟು ಎತ್ತಿಟ್ಟಿದ್ದರಿಂದ ಅಲ್ಲ. ಯಾರನ್ನು ಯಾಕೆ ತಗೊಂಡರು ಅಂತ ಹೇಳಬೇಕಾಗಿಲ್ಲದ ಪದ್ಧತಿಯಿಂದ. ಕೇಸು ಹಾಕಿ, ದಾಖಲೆ ಎಳೆದು ತರಿಸಿದ ಮೇಲೆ ತಾನೇ ನಿಮಗೆ ಗೊತ್ತಾಗಿದ್ದು? ನಮ್ಮಲ್ಲಿ ಸಿಇಟಿ ನಡೆಸುವ ಕೆಇಎ ವೆಬ್‌ಸೈಟಿಗೆ ಹೋದರೆ ಯಾವ ಕಾಲೇಜು, ಯಾವ ಬ್ರಾಂಚು, ಸಾಮಾನ್ಯ ವರ್ಗ ಅಂದರೆ ಜಿಎಂಗೆ ಎಷ್ಟು ರ‍್ಯಾಂಕಿಗೆ ನಿಂತಿತು, ಹಿಂದುಳಿದ ವರ್ಗ 2ಎಗೆ ಎಷ್ಟು, ಎಸ್‌ಸಿಗೆ ಎಷ್ಟು, ಹಳ್ಳಿ ಶಾಲೆಯವರ ಜಿಎಂಆರ್, ಕನ್ನಡ ಮಾಧ್ಯಮದ ಜಿಎಂಕೆ, ಎಲ್ಲ ಇದೆ. ಸೋತವನಿಗೆ ಯಾಕೆ ಸೋತೆ ಅಂತ ಗೊತ್ತಾಗುತ್ತದೆ. ನಿನ್ನ ಮಗಳಿಗೆ ಗೊತ್ತಾಯಿತಾ?

ಭಟ್ಟ: ಇಲ್ಲ. ಒಂದು ಇಮೇಲ್ ಬಂತು. ‘ಈ ವರ್ಷ ಅಸಾಧಾರಣ ಪ್ರತಿಭಾವಂತರು ಅರ್ಜಿ ಹಾಕಿದ್ದರು’ ಅಂತ.

ಟಾಪರಮ್ಮ: ನಾನೂ ಸ್ವಲ್ಪ ತುಪ್ಪ ಸುರಿಯಲಾ? ಭಟ್ಟ, ತೀರ್ಪು ಬಂದ ಮೇಲೆ ನಿಮ್ಮವರಿಗೆ ಸೀಟು ಜಾಸ್ತಿ ಆಯಿತಾ ಅಂತ ನೋಡಿದ್ದೀಯಾ?

ಭಟ್ಟ: ಎಂಐಟಿ ನೋಡು. ಏಷ್ಯನ್ನರು 41ರಿಂದ ಶೇ. 47ಕ್ಕೆ ಏರಿದರು.

ಟಾಪರಮ್ಮ: ಕಪ್ಪು ವಿದ್ಯಾರ್ಥಿಗಳು 13ರಿಂದ 5ಕ್ಕೆ ಇಳಿದರು, ಅದನ್ನೂ ಬರಿ. ಸರಿ, ಎಂಐಟಿ ಒಪ್ಪಿದೆ. ಯೇಲ್? 2024ರಲ್ಲಿ ಅಲ್ಲಿ ಏಷ್ಯನ್ನರು 30ರಿಂದ 24ಕ್ಕೆ ಇಳಿದರು. ಪ್ರಿನ್ಸ್‌ಟನ್‌ನಲ್ಲೂ ಇಳಿದರು. ಹಾರ್ವರ್ಡ್‌ನಲ್ಲಿ 37 ಇದ್ದದ್ದು 37ರಲ್ಲೇ. ಕೇಸು ಹಾಕಿದ್ದು ನಿಮ್ಮ ಹೆಸರಿನಲ್ಲಿ, ಗೆದ್ದದ್ದು ಯಾರು?

ಭಟ್ಟ: ಒಂದು ವರ್ಷದ ಅಂಕಿ ಹಿಡಿದು ತೀರ್ಮಾನ ಮಾಡಬಾರದು. ಎಷ್ಟೋ ಮಕ್ಕಳು ಈಗ ಜನಾಂಗದ ಬಾಕ್ಸನ್ನೇ ತುಂಬುತ್ತಿಲ್ಲ.

ಟಾಪರಮ್ಮ: ಅದು ಸರಿ. ಆದರೆ ಇನ್ನೊಂದಿದೆ. ಅದೇ ಕೇಸಿನ ದಾಖಲೆ ಇಟ್ಟುಕೊಂಡು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಹಾರ್ವರ್ಡಿಗೆ ಸೇರಿಸಿಕೊಂಡ ಬಿಳಿಯ ಮಕ್ಕಳಲ್ಲಿ ಶೇ. 43ಕ್ಕಿಂತ ಹೆಚ್ಚು ಜನ ಒಂದೋ ಆಟಗಾರರು, ಇಲ್ಲ ಅಪ್ಪ-ಅಮ್ಮ ಅಲ್ಲೇ ಓದಿದವರು, ಇಲ್ಲ ದಾನಿಗಳ ಕಡೆಯವರು, ಇಲ್ಲ ಅಲ್ಲಿನ ಪ್ರೊಫೆಸರ್ ಮಕ್ಕಳು. ಆ ಹಣೆಪಟ್ಟಿ ಇಲ್ಲದಿದ್ದರೆ ಅವರಲ್ಲಿ ಮುಕ್ಕಾಲು ಭಾಗಕ್ಕೆ ಸೀಟು ಸಿಗುತ್ತಿರಲಿಲ್ಲ. ಈ ಲೆಕ್ಕ ಹಾಕಿದವರಲ್ಲಿ ಒಬ್ಬರು ಹಾರ್ವರ್ಡ್ ವಿರುದ್ಧ ಸಾಕ್ಷಿ ಹೇಳಿದವರೇ, ನಿಮ್ಮ ಕಡೆಯವರೇ! ಕೋರ್ಟು ಅದನ್ನು ಮುಟ್ಟಲಿಲ್ಲ. ಅಜ್ಜ ಓದಿದ ಕಾಲೇಜು ಅಂತ ಮೊಮ್ಮಗನಿಗೆ ಸಿಗುವ ಸೀಟು ಮೆರಿಟ್ಟಾ?

ಭಟ್ಟ: ಅದನ್ನೂ ತೆಗೆಯಬೇಕು. ಕ್ಯಾಲಿಫೋರ್ನಿಯಾ 2024ರಲ್ಲಿ ಕಾನೂನು ಮಾಡಿ ನಿಲ್ಲಿಸಿದೆ. ನಾನು ಯಾವತ್ತು ಅದರ ಪರ ಮಾತಾಡಿದ್ದೆ?

ಟಾಪರಮ್ಮ: ಪರ ಮಾತಾಡಿಲ್ಲ. ಫಾರ್ವರ್ಡೂ ಮಾಡಿಲ್ಲ.

(ಇಲ್ಲಿ ಹದಿನೈದು ನಿಮಿಷ ಎಲ್ಲರೂ ಸುಮ್ಮನಿದ್ದರು. ಗೌಡನಿಗೆ ಸುಮ್ಮನಿರುವುದು ಗೊತ್ತಿಲ್ಲ.)

ಗೌಡ: ಅಮೆರಿಕ ಹಾಳಾಗಿ ಹೋಗಲಿ. ನಮ್ಮ ಊರಿನ ವಿಷಯ ಮಾತಾಡಿ. ಇಲ್ಲಿ ಕೋಟಾ, ಕೋಟಾ, ಎಲ್ಲ ಕೋಟಾ. ಮೆರಿಟ್‌ಗೆ ಬೆಲೆ ಇಲ್ಲ.

ಟಾಪರಮ್ಮ: ಗೌಡ, ನಿನ್ನ 3ಎ ಮೀಸಲಾತಿಯ ಸರ್ಟಿಫಿಕೇಟು ಭದ್ರವಾಗಿದೆಯಾ?

ಗೌಡ: ಅದು ಬೇರೆ. ಅದು ಬರೀ 4 ಪರ್ಸೆಂಟು.

ಟಾಪರಮ್ಮ: ಮತ್ತೆ ಭಟ್ಟನ ಅಣ್ಣನ ಮಗ ಇಡಬ್ಲ್ಯೂಎಸ್‌ನಲ್ಲಿ ಎನ್‌ಐಟಿ ಸೇರಿದ್ದು? ಅದೂ ಬೇರೇನೇ ಇರಬೇಕು.

ಭಟ್ಟ: ಅದು ಬಡತನ ನೋಡಿ ಕೊಡೋದು. ಜಾತಿ ನೋಡಿ ಅಲ್ಲ.

ಮೇಷ್ಟ್ರು: ವರ್ಷಕ್ಕೆ 8 ಲಕ್ಷದೊಳಗಿನ ಆದಾಯ ಅಂದರೆ ಬಡತನ ಅಂತ ನನ್ನ ಕಾಲೇಜಿನ ಗೆಸ್ಟ್ ಲೆಕ್ಚರರ್‌ಗಳಿಗೆ ಹೇಳಿ ನೋಡು, ಖುಷಿಪಡುತ್ತಾರೆ. ಜಾತಿಯನ್ನೂ ನೋಡುತ್ತಾರಪ್ಪ. ಎಸ್‌ಸಿ, ಎಸ್‌ಟಿ, ಒಬಿಸಿ ಬಡವರು ಅದರೊಳಗೆ ಬರೋ ಹಾಗಿಲ್ಲ. 2022ರಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಇಬ್ಬರು ಜಡ್ಜುಗಳು ಇದೇ ಕಾರಣಕ್ಕೆ ಒಪ್ಪಲಿಲ್ಲ.

ಗೌಡ: ಮೇಷ್ಟ್ರು ಪಾಠ ಶುರು ಮಾಡಿದರು. 50 ಪರ್ಸೆಂಟ್ ದಾಟಬಾರದು ಅಂತ ಕಾನೂನು ಇಲ್ವಾ?

ಮೇಷ್ಟ್ರು: ಇದೆ, ಅದೂ ನಮ್ಮ ಮನೆಯದೇ. 1962ರಲ್ಲಿ ಮೈಸೂರು ಸರ್ಕಾರ ಎಂಜಿನಿಯರಿಂಗ್, ಮೆಡಿಕಲ್ ಸೀಟಿನಲ್ಲಿ ಶೇ. 68 ಮೀಸಲು ಅಂತ ಆದೇಶ ಮಾಡಿತ್ತು. ಬಾಲಾಜಿ ಕೇಸಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿ, ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ ಇರಲಿ ಅಂದಿತು. ಅದಕ್ಕೂ ಮೊದಲು 1918ರಲ್ಲೇ ನಾಲ್ವಡಿಯವರು ಹಿಂದುಳಿದವರಿಗೆ ಸರ್ಕಾರಿ ಕೆಲಸ ಕೊಡೋದು ಹೇಗೆ ಅಂತ ನೋಡೋಕೆ ಮಿಲ್ಲರ್ ಸಮಿತಿ ಮಾಡಿದ್ದರು. ಈ ಜಗಳಕ್ಕೆ ನಮ್ಮಲ್ಲಿ ನೂರು ವರ್ಷ ದಾಟಿದೆ.

ಗೌಡ: ಇತಿಹಾಸ ಬೇಡ. ಆಪರೇಷನ್ ಮಾಡುವ ಡಾಕ್ಟರು ಮೆರಿಟ್‌ನವನಾಗಿರಬೇಕೋ ಬೇಡವೋ?

ಟಾಪರಮ್ಮ: ಇರಬೇಕು. 2023ರಲ್ಲಿ ಪಿಜಿ ಸೀಟು ಖಾಲಿ ಉಳಿಯುತ್ತವೆ ಅಂತ ನೀಟ್ ಪಿಜಿ ಕಟಾಫನ್ನ ಎಲ್ಲ ವರ್ಗಕ್ಕೂ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರು. ಪರೀಕ್ಷೆ ಬರೆದಿದ್ದರೆ ಸಾಕು, ದುಡ್ಡಿದ್ದರೆ ಖಾಸಗಿ ಕಾಲೇಜಿನ ಬಾಗಿಲು ತೆರೆಯಿತು. ಆಗ ಈ ಗ್ರೂಪಿನಲ್ಲಿ ಆಪರೇಷನ್ ಬಗ್ಗೆ ಯಾರಿಗೂ ಭಯ ಆಗಲಿಲ್ಲ. ಅವತ್ತು ಬಂದ ಫಾರ್ವರ್ಡು ಹುಡುಕಿದೆ. ಮೆಂತ್ಯ ನೆನೆಸಿ ಕುಡಿಯೋದು.

ಗೌಡ: ನನ್ನ ಮಗನ ಮ್ಯಾನೇಜ್‌ಮೆಂಟ್ ಸೀಟಿನ ಬಗ್ಗೆ ಹೇಳುತ್ತಿದ್ದೀಯಾ? ಅವನು ನೀಟ್ ಕ್ವಾಲಿಫೈ ಆಗಿದ್ದಾನೆ. ದುಡ್ಡು ನನ್ನದು. ಯಾರ ಸೀಟನ್ನೂ ಕಿತ್ತುಕೊಂಡಿಲ್ಲ.

ಟಾಪರಮ್ಮ: ಕಿತ್ತುಕೊಂಡಿಲ್ಲ ಮಾರಾಯ. ಅವನಿಗಿಂತ ಮುಂದಿನ ರ‍್ಯಾಂಕಿನವರು ದುಡ್ಡಿಲ್ಲದೆ ಪಕ್ಕಕ್ಕೆ ಸರಿದರು. ಅವರ ಜಾತಿ ಯಾರೂ ಕೇಳಲಿಲ್ಲ, ಅಷ್ಟೇ ವ್ಯತ್ಯಾಸ.

ಮೇಷ್ಟ್ರು: ನಮ್ಮ ಕಾಲವನ್ನೇ ತಗೊಳ್ಳಿ. ಉನ್ನಿಕೃಷ್ಣನ್ ತೀರ್ಪಿನ ಮೇಲೆ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು. ಪೇಮೆಂಟ್‌ನವರ ದುಡ್ಡಿನಲ್ಲೇ ಫ್ರೀ ಸೀಟಿನ ಕೊರತೆ ತುಂಬಬೇಕು ಅನ್ನೋದು ಆ ಪದ್ಧತಿ. ಅಂದರೆ ಭಟ್ಟ, ನಿನ್ನ ನಾಲ್ಕು ವರ್ಷಕ್ಕೆ ದುಡ್ಡು ಹಾಕಿದ್ದು ಗೌಡನ ಅಪ್ಪ, ಮಂಡ್ಯದ ಕಬ್ಬಿನ ಗದ್ದೆ.

ಭಟ್ಟ: ನಾನು ರ‍್ಯಾಂಕ್ ತೆಗೆದಿದ್ದೆ. ಯಾರ ಭಿಕ್ಷೆಯೂ ಅಲ್ಲ.

ಮೇಷ್ಟ್ರು: ಭಿಕ್ಷೆ ಅಂತ ನಾನೆಲ್ಲಿ ಅಂದೆ? ಆ ಮಾತು ನೀವೇ ಬೇರೆಯವರಿಗೆ ಅನ್ನೋದು.

(ಮಧ್ಯಾಹ್ನ ಎರಡೂವರೆಗೆ ಸಾಹೇಬ ಬಂದ. ಸರ್ಕಾರಿ ಇಲಾಖೆಯಲ್ಲಿ ಎಕ್ಸಿಕ್ಯೂಟಿವ್ ಎಂಜಿನಿಯರ್. ಬ್ಯಾಚಿನಲ್ಲಿ ಎಸ್‌ಸಿ ಸೀಟಿನಲ್ಲಿ ಬಂದವನು ಅಂತ ನಮಗೆಲ್ಲ ಗೊತ್ತು. ಮೊದಲ ವಾರವೇ ಪಟ್ಟಿ ನೋಟೀಸ್ ಬೋರ್ಡಿನಲ್ಲಿತ್ತು. ಈ ಥರದ ಮಾತು ಬಂದಾಗ ಅವನು ಸಾಮಾನ್ಯವಾಗಿ ಗ್ರೂಪ್ ತೆರೆಯುವುದೇ ಇಲ್ಲ.)

ಸಾಹೇಬ: ಎಲ್ಲ ಓದಿದೆ. ಸೈಟ್‌ನಲ್ಲಿದ್ದೆ.

ಭಟ್ಟ: ಸಾಹೇಬ, ನೀನೇ ಸಿಕ್ಕಿದ್ದು ಒಳ್ಳೇದಾಯಿತು. ಬೇಜಾರು ಮಾಡಿಕೊಳ್ಳಬೇಡ. ನಿನ್ನ ಸೀಟಿನ ಬಗ್ಗೆ ನನಗೆ ಯಾವತ್ತೂ ಪ್ರಶ್ನೆ ಇಲ್ಲ. ನಿಮ್ಮಪ್ಪ ಕೂಲಿ ಮಾಡಿ ಓದಿಸಿದರು. ಆದರೆ ನಿನ್ನ ಮಗ ಬೆಂಗಳೂರಲ್ಲಿ ಒಳ್ಳೇ ಶಾಲೆಯಲ್ಲಿ ಓದಿದ, ಕಾರಿನಲ್ಲಿ ಟ್ಯೂಷನ್‌ಗೆ ಹೋದ. ಅವನಿಗೂ ಬೇಕಾ?

ಸಾಹೇಬ: ತಗೊಂಡ. ನಾನೇ ತಗೋ ಅಂದೆ. ಈಗ ಎರಡನೇ ವರ್ಷದಲ್ಲಿದ್ದಾನೆ.

ಭಟ್ಟ: ಯಾಕೆ?

ಸಾಹೇಬ: ನಾಲ್ಕು ವರ್ಷದ ಹಿಂದೆ ಬಾಡಿಗೆ ಮನೆ ನೋಡಿದೆವು. ಅಡ್ವಾನ್ಸ್ ಮಾತಾಯಿತು, ಬೀಗದ ಕೈ ಬರುವುದಿತ್ತು. ಮನೆಯೊಡತಿ ಹೆಂಡತಿಯ ಹತ್ತಿರ ‘ನೀವು ಯಾವ ಪೈಕಿ’ ಅಂದರು. ಮಾರನೇ ದಿನ ‘ಮಗಳು ಬರುತ್ತಾಳೆ, ಮನೆ ಕೊಡಲ್ಲ’ ಅಂತ ಫೋನು. ನನ್ನ ಸಂಬಳ ಕೇಳಿದ ಮೇಲೆ ಜಾತಿ ಕೇಳಿದರು, ಸಂಬಳ ಸಾಕಾಗಲಿಲ್ಲ. ಮಗ ಪಕ್ಕದಲ್ಲೇ ಇದ್ದ.

ಭಟ್ಟ: ಅದು ಅನ್ಯಾಯ. ಆದರೆ ಅದಕ್ಕೂ ಕಾಲೇಜು ಸೀಟಿಗೂ ಏನು ಸಂಬಂಧ? ಆ ಸೀಟು ನಿಮ್ಮೂರಿನ ಕೇರಿಯ ಹುಡುಗನಿಗೆ ಸಿಗಬಹುದಿತ್ತಲ್ಲ?

ಸಾಹೇಬ: ಸಿಗಬಹುದಿತ್ತು. ಈ ಪ್ರಶ್ನೆಗೆ ನಿನ್ನ ಹತ್ತಿರ ಮುಚ್ಚಿಟ್ಟುಕೊಳ್ಳೋಕೆ ಏನೂ ಇಲ್ಲ, ಯಾಕೆಂದರೆ ನಮ್ಮ ಜನರ ಗ್ರೂಪಿನಲ್ಲಿ ಇದಕ್ಕಿಂತ ಜೋರು ಜಗಳ ನಡೆಯುತ್ತಿದೆ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಏಳು ಜಡ್ಜುಗಳಲ್ಲಿ ಆರು ಜನ, ಎಸ್‌ಸಿಯೊಳಗೇ ಪಾಲು ಮಾಡಿ ಒಳಮೀಸಲಾತಿ ಕೊಡಬಹುದು ಅಂದರು. ಅದರಲ್ಲಿ ನಾಲ್ವರು ಎಸ್‌ಸಿಗೂ ಕೆನೆಪದರ ಇರಲಿ, ಅಂದರೆ ಉಳ್ಳವರನ್ನು ಹೊರಗಿಡಿ ಅಂತಲೂ ಬರೆದರು. ಮರುವರ್ಷ ನಮ್ಮ ಸರ್ಕಾರ ಎಸ್‌ಸಿಯ ಶೇ. 17ನ್ನು ಎಡಗೈ ಜಾತಿಗಳಿಗೆ 6, ಬಲಗೈನವರಿಗೆ 6, ಉಳಿದವರಿಗೆ 5 ಅಂತ ಹಂಚಲು ತೀರ್ಮಾನಿಸಿತು. ಎಡಗೈನವರದ್ದು ಮೂವತ್ತು ವರ್ಷದ ಹೋರಾಟ. ಅಲೆಮಾರಿಗಳಿಗೆ ನಾಗಮೋಹನ ದಾಸ್ ಆಯೋಗ ಬೇರೆಯಾಗಿ 1 ಪರ್ಸೆಂಟ್ ಹೇಳಿತ್ತು, ಕೊನೆಗೆ ಅವರನ್ನು ಆ 5ರೊಳಗೆ ಸೇರಿಸಿದರು. ದೊಂಬರು, ಬುಡ್ಗ ಜಂಗಮರು ಯಾರ ಜೊತೆ ಪೈಪೋಟಿ ಮಾಡಬೇಕು? ನಾನು ಅವರ ಪರ. ಇದನ್ನು ಹೇಳಿದ್ದಕ್ಕೆ ಅಲ್ಲಿ ಬೈಸಿಕೊಂಡೆ. ನಿಮ್ಮ ಗ್ರೂಪಿನಲ್ಲಿ ಮಾತಾಡುವುದೇ ಸುಲಭ. ಇಲ್ಲಿ ಒಂದೇ ಪ್ರಶ್ನೆ ಬರುತ್ತೆ, ಅದೇ ಪ್ರಶ್ನೆ.

ಟಾಪರಮ್ಮ: ಹಾಗಾದರೆ ಮಗನಿಗೆ ಬೇಡ ಅನ್ನಬಹುದಿತ್ತು ಅಂತ ಅನ್ನಿಸುತ್ತಾ?

ಸಾಹೇಬ: ಕೆನೆಪದರ ಬಂದರೆ ಬರಲಿ, ನಾನು ಕೋರ್ಟಿಗೆ ಹೋಗಲ್ಲ. ಅಲ್ಲಿವರೆಗೆ ಇರುವ ಹಕ್ಕನ್ನು ಬಿಟ್ಟುಕೊಟ್ಟು ಒಳ್ಳೆಯವನು ಅನ್ನಿಸಿಕೊಳ್ಳುವ ಆಸೆ ನನಗಿಲ್ಲ. ಗೌಡನಿಗೆ ಯಾರೂ ಹೇಳಲಿಲ್ಲ, ದುಡ್ಡಿದೆ, ಆದರೂ ಆ ಸೀಟು ಬಿಟ್ಟುಕೊಡು ಅಂತ.

(ನನ್ನ ಅಭಿಪ್ರಾಯ ಕೇಳಿದರೆ, ಮಗನ ವಿಷಯದಲ್ಲಿ ಸಾಹೇಬನ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ದಿನಪೂರ್ತಿ ನಡೆದ ಮಾತಿನಲ್ಲಿ ತನ್ನ ಮನೆಯ ಸೀಟಿನ ಬಗ್ಗೆ ನೇರವಾಗಿ ಉತ್ತರ ಕೊಟ್ಟವನು ಅವನೊಬ್ಬನೇ.)

ಭಟ್ಟ: ಅಮೆರಿಕದಲ್ಲಿ 2003ರ ತೀರ್ಪಿನಲ್ಲಿ ಒಬ್ಬ ಜಡ್ಜು, ಇನ್ನು 25 ವರ್ಷಕ್ಕೆ ಇದು ಬೇಕಾಗಲಾರದು ಅಂತ ಬರೆದಿದ್ದರು. ಒಂದು ಕೊನೆ ಬೇಕಲ್ವಾ?

ಮೇಷ್ಟ್ರು: ಓ’ಕಾನರ್. ಇಪ್ಪತ್ತನೇ ವರ್ಷಕ್ಕೇ ನಿಲ್ಲಿಸಿದರು. ಆದರೆ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ನಿಲ್ಲಿಸಿದ ಆ 2023ರ ತೀರ್ಪಿನಲ್ಲೇ, ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ಪ್ರಬಂಧದಲ್ಲಿ ಬರೆಯಬಹುದು ಅಂದಿದ್ದಾರೆ. ನಿನ್ನ ಮಗಳು ಏನು ಬರೆದಳು?

ಭಟ್ಟ: ಭಾನುವಾರದ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿದ್ದರ ಬಗ್ಗೆ. ಕೌನ್ಸೆಲರ್ ಮಾತು ಕೇಳಲಿಲ್ಲ. ಈಗ ನಮ್ಮ ಸ್ಟೇಟ್ ಯೂನಿವರ್ಸಿಟಿಯಲ್ಲಿದ್ದಾಳೆ. ಚೆನ್ನಾಗಿದ್ದಾಳೆ. ಸಾಹೇಬ, ನಿನ್ನ ಮಗನ ವಿಷಯ ನಾನು ಈಗಲೂ ಒಪ್ಪಲ್ಲ.

ಸಾಹೇಬ: ಒಪ್ಪಬೇಡ. ನನ್ನ ತಮ್ಮನೂ ಒಪ್ಪಿಲ್ಲ. ಡಿಸೆಂಬರ್‌ನಲ್ಲಿ ಬಂದಾಗ ಮನೆಗೆ ಬಾ, ಅವನನ್ನೂ ಕರೆಯುತ್ತೇನೆ. ನಿಮ್ಮಿಬ್ಬರಿಗೂ ಸರಿಹೋಗುತ್ತದೆ.

ಗೌಡ: ಮೇಷ್ಟ್ರೇ, ಇನ್ನೊಂದು ವಿಷಯ. ಚಿಕ್ಕ ಮಗಳು ಈ ಸಲ ಸಿಇಟಿ. ಕಂಪ್ಯೂಟರ್ ಸೈನ್ಸ್‌ಗೆ ಹೋದ ವರ್ಷ 3ಎ ಕಟಾಫ್ ಎಷ್ಟಿತ್ತು?

ಮೇಷ್ಟ್ರು: ಯಾವ ಕಾಲೇಜು ಅಂತ ಹೇಳು, ನೋಡಿ ಹಾಕುತ್ತೇನೆ.