ಲೀಫ್ ಸ್ಪ್ರಿಂಗ್ ಬುಶ್ ಬರ್ತಿಲ್ಲ, ಬೋಲ್ಟ್ ಒಳಗೇ ಕಚ್ಚಿಕೊಂಡಿದೆ

ಕಡಲತಡಿ ಪಿಕಪ್:
2008ರ ಪಿಕಪ್, ಓಡಿದ್ದೆಲ್ಲ ಕರಾವಳಿಯಲ್ಲೇ. ಹಿಂದಿನ ಎಡಗಡೆ ಪಟ್ಟೆಯ (ಲೀಫ್ ಸ್ಪ್ರಿಂಗ್) ಮುಂದಿನ ಕಣ್ಣಿನ, ಅಂದರೆ ತುದಿಯ ಸುರುಳಿ ತೂತಿನ, ರಬ್ಬರ್ ಬುಶ್ ಹೋಗಿದೆ, ಗುಂಡಿಗೆ ಇಳಿದಾಗೆಲ್ಲ ಟಕ್ ಅನ್ನುತ್ತೆ. ನಟ್ ಬಂತು. ಬೋಲ್ಟ್‌ಗೆ ಸ್ಪ್ಯಾನರ್ ಹಾಕಿದರೆ ಸ್ವಲ್ಪ ತಿರುಗಿ ತಾನೇ ವಾಪಸ್ ಬರುತ್ತೆ, ಸುತ್ತಿಗೆಗೂ ಜಗ್ಗಲ್ಲ. ಗ್ಯಾಸ್‌ನಲ್ಲಿ ಕೆಂಪಗೆ ಕಾಯಿಸಬಹುದಾ?

ಪಟ್ಟೆ ಕೆಲಸ:
ಕಾಯಿಸಬೇಡಿ ಸರ್. ಪಟ್ಟೆ ಹದ ಹಾಕಿದ ಉಕ್ಕು. ಕಣ್ಣನ್ನ ಕೆಂಪಗೆ ಕಾಯಿಸಿದರೆ ಹದ ಹೋಗುತ್ತೆ, ಆಮೇಲೆ ಲೋಡ್ ಬಿದ್ದಾಗ ಅಲ್ಲೇ ಬಿರುಕು. ರಬ್ಬರ್ ಸುಟ್ಟ ಹೊಗೆಯೂ ವಿಷ.

ತಿರುಗಿ ವಾಪಸ್ ಬರ್ತಿದೆ ಅಂದರೆ ಬೋಲ್ಟ್ ಬುಶ್‌ನ ಒಳಗಿನ ಸ್ಲೀವ್‌ಗೆ (ಲೋಹದ ಕೊಳವೆ) ತುಕ್ಕಲ್ಲಿ ಅಂಟಿದೆ, ನೀವು ರಬ್ಬರನ್ನ ತಿರುಚ್ತಿದೀರಿ ಅಷ್ಟೆ. ಹೊಡೆದ ಪೆಟ್ಟನ್ನೂ ರಬ್ಬರೇ ನುಂಗುತ್ತೆ. ತುಕ್ಕು ಬಿಡಿಸೋ ಎಣ್ಣೆ ಒಂದು ರಾತ್ರಿ ಬಿಟ್ಟು ನೋಡಿ. ಆಗಲಿಲ್ಲ ಅಂದರೆ ಬೋಲ್ಟ್ ಕತ್ತರಿಸೋದೇ ಸರಿ.

ಮೊದಲು ಚಾಸಿಸ್ಸನ್ನ ಸ್ಟ್ಯಾಂಡ್ ಮೇಲೆ ಕೂರಿಸಿ, ಆಕ್ಸಲ್‌ಗೆ ಬೇರೆ ಜಾಕಿ. ಪಟ್ಟೆ ಮೇಲೆ ಭಾರ ಉಳಿದಿದ್ದರೆ ಬೋಲ್ಟ್ ತುಂಡಾದ ಕ್ಷಣ ಹಾರುತ್ತೆ. ಹ್ಯಾಂಗರ್‌ಗೂ (ಪಟ್ಟೆಯನ್ನ ಚಾಸಿಸ್‌ಗೆ ಹಿಡಿಯೋ ಬ್ರಾಕೆಟ್) ಕಣ್ಣಿಗೂ ನಡುವಿನ ಸಂದಿಯಲ್ಲಿ ಎರಡೂ ಕಡೆ ಬೋಲ್ಟ್, ಸ್ಲೀವ್ ಸೇರಿಸಿ ಕತ್ತರಿಸಿ. ಗ್ರೈಂಡರ್ ಆದರೆ 1 ಮಿ.ಮೀ. ಡಿಸ್ಕ್, ಕನ್ನಡಕ ಹಾಕಿಕೊಂಡು. ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ಹ್ಯಾಂಡ್‌ಬ್ರೇಕ್ ಕೇಬಲ್ ಹತ್ತಿರ ಇದ್ದರೆ ಒದ್ದೆ ಗೋಣಿಚೀಲ ಮುಚ್ಚಿ.

ಮಿಲ್ಲಿಮೀಟರ್:
ಪಟ್ಟೆ ಕೆಳಗಿಳಿದ ಮೇಲಿನ ಕೆಲಸ ಹೇಳ್ತೀನಿ. 6 ಮಿ.ಮೀ. ಡ್ರಿಲ್‌ನಿಂದ ರಬ್ಬರ್‌ಗೆ ಸುತ್ತಲೂ ತೂತು ಹಾಕಿ, ಒಳಗಿನ ಸ್ಲೀವ್ ಬೋಲ್ಟ್ ತುಂಡಿನ ಸಮೇತ ಬರುತ್ತೆ. ಉಳಿಯೋದು ಬುಶ್‌ನ ಹೊರಗಿನ ಲೋಹದ ಶೆಲ್. ಹ್ಯಾಕ್ಸಾ ಬ್ಲೇಡನ್ನ ಕಣ್ಣಿನೊಳಗೆ ತೂರಿಸಿ ಆಮೇಲೆ ಫ್ರೇಮ್‌ಗೆ ಕಟ್ಟಿ, ಶೆಲ್‌ನ ಉದ್ದಕ್ಕೂ ಸೀಳಿ. ಪೂರ್ತಿ ತೂರೋ ಮುಂಚೆ, ಕೂದಲೆಳೆ ಉಳಿದಾಗ ನಿಲ್ಲಿಸಿ. ಕಣ್ಣಿನ ಉಕ್ಕಿಗೆ ಗೀರು ಬಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತೆ. ಹತ್ತಿರದಲ್ಲೇ ಇನ್ನೊಂದು ಸೀಳು ಹಾಕಿ, ನಡುವಿನ ಪಟ್ಟಿಯನ್ನ ಉಳಿಯಿಂದ ಒಳಕ್ಕೆ ಮಡಚಿದರೆ ಬಿಗಿ ಬಿಟ್ಟುಹೋಗುತ್ತೆ.

ಹೊಸದನ್ನ ಸುತ್ತಿಗೆಯಲ್ಲಿ ಹೊಡೆಯಬೇಡಿ. ಕಣ್ಣು ಸುರುಳಿ ಸುತ್ತಿದ್ದು, ಬೆಸೆದದ್ದಲ್ಲ; ಹೊಡೆತಕ್ಕೆ ಬಾಯಿ ಬಿಡುತ್ತೆ. M16 ಥ್ರೆಡ್ ರಾಡ್, ಎರಡು ನಟ್, ದಪ್ಪ ವಾಷರ್, ಶೆಲ್‌ಗಿಂತ 2 ಮಿ.ಮೀ. ಅಗಲದ ಪೈಪ್ ತುಂಡು ಸಾಕು, ಥ್ರೆಡ್‌ಗೆ ಗ್ರೀಸ್ ಹಚ್ಚಿ, ನಟ್ ಬಿಗಿ ಮಾಡ್ತಾ ಬುಶ್ಶನ್ನ ಒಳಕ್ಕೆ ಎಳೆಯಿರಿ. ಒತ್ತಡ ಹೊರಗಿನ ಶೆಲ್ ಅಂಚಿನ ಮೇಲೇ ಬೀಳಬೇಕು. ಒಳಗಿನ ಸ್ಲೀವ್ ಒತ್ತಿದರೆ ರಬ್ಬರ್ ಮೊದಲ ದಿನವೇ ಕಿತ್ತುಬರುತ್ತೆ. ಅದಕ್ಕೂ ಮುಂಚೆ ಕಣ್ಣಿನೊಳಗೆ 80 ನಂಬರ್ ಎಮರಿ ಕಾಗದ ಆಡಿಸಿ, ವರ್ನಿಯರ್ ಹಿಡಿದು ಅಳೆಯಿರಿ.

ಕಡಲತಡಿ ಪಿಕಪ್:
ಬುಶ್ ಫ್ರೀಜರ್‌ನಲ್ಲಿಟ್ಟರೆ ಸಲೀಸಾ? ರಬ್ಬರ್ ಬದಲು ಪಾಲಿಯುರೆಥೇನ್ ಬುಶ್ ಹಾಕಿದರೆ ಹೇಗೆ?

ಮಿಲ್ಲಿಮೀಟರ್:
40 ಮಿ.ಮೀ. ಶೆಲ್ ಫ್ರೀಜರ್‌ನಲ್ಲಿ ಕುಗ್ಗೋದು ಸುಮಾರು 0.02 ಮಿ.ಮೀ. ಇಟ್ಟರೆ ನಷ್ಟವಿಲ್ಲ, ನಂಬಿ ಕೂರೋ ಹಾಗೂ ಇಲ್ಲ. ಪಾಲಿ ತಗೊಳ್ಳೋದಾದರೆ ಶೆಲ್ ಸೀಳೋ ಮೊದಲೇ ಕಿಟ್ ತರಿಸಿ, ಕೆಲವು ಕಿಟ್‌ಗಳಿಗೆ ಹಳೇ ಶೆಲ್ ಅಲ್ಲೇ ಇರಬೇಕು.

ಪಟ್ಟೆ ಕೆಲಸ:
ಒಂದು ಮಾತು ಬಿಟ್ಟಿತ್ತು, ಹೊಸ ಬುಶ್ ಬೇಗ ಹರಿಯೋದು ಇಲ್ಲೇ. ಚಕ್ರ ಗಾಳಿಯಲ್ಲಿರುವಾಗ ಕಣ್ಣಿನ ಬೋಲ್ಟ್ ಪೂರ್ತಿ ಬಿಗಿ ಮಾಡಬೇಡಿ. ಬಿಗಿಯಾದರೆ ಸ್ಲೀವ್ ಹ್ಯಾಂಗರ್‌ಗೆ ಕಚ್ಚಿಕೊಳ್ಳುತ್ತೆ. ಗಾಡಿ ಇಳಿಸಿದಾಗ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತೆ. ಕೈಬಿಗಿ ಮಾಡಿ ಗಾಡಿ ನೆಲಕ್ಕಿಳಿಸಿ, ಹಿಂಭಾಗ ನಾಲ್ಕಾರು ಸಲ ಒತ್ತಿ ಕುಣಿಸಿ, ಆಮೇಲೆ ಕಂಪನಿ ಟಾರ್ಕ್‌ಗೆ ಬಿಗಿ ಮಾಡಿ. ಬೋಲ್ಟ್, ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರೋದು) ಎರಡೂ ಹೊಸದೇ ಇರಲಿ, ಸ್ಲೀವ್‌ನೊಳಗೆ ಕೂರೋ ಭಾಗಕ್ಕೆ ಆಂಟಿ-ಸೀಜ್ (ತುಕ್ಕಲ್ಲಿ ಅಂಟದ ಹಾಗೆ ಹಚ್ಚೋ ಪೇಸ್ಟ್) ಬಳಿಯಿರಿ. ರಬ್ಬರ್‌ಗೆ ಮಾತ್ರ ಗ್ರೀಸ್ ಬೇಡ, ಉಬ್ಬುತ್ತೆ; ಸೋಪು ನೀರು ಸಾಕು. ಪಟ್ಟೆಯನ್ನ ಆಕ್ಸಲ್‌ಗೆ ಕಟ್ಟೋ ಯು-ಬೋಲ್ಟ್ ಬಿಚ್ಚಿದ್ದರೆ 500 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿ ನೋಡಿ. ಬಲಗಡೆಯದ್ದನ್ನೂ ಜೊತೆಗೇ ಬದಲಾಯಿಸಿಬಿಡಿ.