ತೆಂಗಿಗೆ ಇಲಿ ಬಿಲ್ಲೆ: ನಾಯಿ ತಿಂದರೆ ಎಷ್ಟು ಸಮಯ ಇರುತ್ತದೆ?

ತಿಪಟೂರು_ತೋಟ:
ಇಲಿ ಕೊರೆದ ಎಳೆಕಾಯಿ ದಿನವೂ ಉದುರುತ್ತಿವೆ. ಇಲಿ ಪಾಷಾಣ ಬ್ರೋಮಾಡಿಯೋಲೋನ್ ಬಿಲ್ಲೆಯನ್ನು ಎಲ್ಲಿ, ಎಷ್ಟು ಇಡಬೇಕು? ತೋಟದಲ್ಲಿ ನಾಯಿ ಇದೆ. ಅಮ್ಮ ಹೃದಯದ ವಾಲ್ವ್‌ಗೆ, ರಕ್ತ ಹೆಪ್ಪುಗಟ್ಟದಿರಲೆಂದು, ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಎರಡೂ ಒಂದೇ ಜಾತಿಯ ಮದ್ದು ಎನ್ನುತ್ತಾರಲ್ಲ, ನಿಜವೇ?

ಬೆಳೆ_ರಕ್ಷಣೆ:
ಶೇ 0.005ರ ಮೇಣದ ಬಿಲ್ಲೆ, 10 ಗ್ರಾಂನದು ತನ್ನಿ. ಐದು ಮರಕ್ಕೆ ಒಂದರಂತೆ ಆರಿಸಿ, ಮಂಡೆಯಲ್ಲಿ ಗರಿ ಬುಡದ ಸಂದಿಗೆ ಸಿಕ್ಕಿಸಿ. 12 ದಿನ ಬಿಟ್ಟು ಇನ್ನೊಮ್ಮೆ. ನೆಲಕ್ಕೆ ಚೆಲ್ಲಲೇಬೇಡಿ. ಇನ್ನೊಂದು ಇಲಿ ಪಾಷಾಣವಾದ ಜಿಂಕ್ ಫಾಸ್ಫೈಡ್ ತಿಂದ ಇಲಿ ಕೆಲವೇ ಗಂಟೆಗಳಲ್ಲಿ ನರಳುತ್ತದೆ; ಬದುಕಿ ಉಳಿದದ್ದು ಮತ್ತೆ ಆ ತಿನಿಸಿನ ಹತ್ತಿರ ಸುಳಿಯುವುದಿಲ್ಲ. ಬ್ರೋಮಾಡಿಯೋಲೋನ್ ಕೊಲ್ಲಲು ಕೆಲವು ದಿನ ಹಿಡಿಯುವುದರಿಂದ ಇಲಿಗೆ ಅನುಮಾನವೇ ಬರುವುದಿಲ್ಲ. ಸತ್ತ ಇಲಿಯನ್ನು ಆಳಕ್ಕೆ ಹೂಳಿ; ಗೂಬೆ, ಮುಂಗುಸಿ, ನಿಮ್ಮ ನಾಯಿ ಯಾವುದಕ್ಕೂ ಅದು ಸಿಗಬಾರದು.

ಪಶುವೈದ್ಯ:
ಆ ತಡವೇ ನಾಯಿಯ ವಿಷಯದಲ್ಲಿ ಅಪಾಯ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ತಯಾರಿಸಲು ವಿಟಮಿನ್ ಕೆ ಬೇಕು; ಈ ವಿಷ ಅದರ ಮರುಬಳಕೆಯನ್ನು ತಡೆಯುತ್ತದೆ. ಮೊದಲೇ ರಕ್ತದಲ್ಲಿದ್ದ ಅಂಶಗಳು ತೀರುವವರೆಗೆ, ಎರಡು ಮೂರು ದಿನ, ನಾಯಿ ಆರಾಮಾಗಿಯೇ ಓಡಾಡುತ್ತದೆ. ಆಮೇಲೆ ವಸಡು ಬಿಳಿಚುವುದು, ಕಪ್ಪು ಮಲ, ಏದುಸಿರು. ತಿಂದದ್ದು ಗೊತ್ತಾದ ಕೂಡಲೇ ಪೊಟ್ಟಣ ಸಮೇತ ಕರೆದೊಯ್ಯಿರಿ. ಎರಡು ಮೂರು ಗಂಟೆಯೊಳಗಾದರೆ ವಾಂತಿ ಮಾಡಿಸಿ ಬಹುಪಾಲು ತೆಗೆಯಬಹುದು. 48ರಿಂದ 72 ಗಂಟೆಗೆ ಪ್ರೋಥ್ರಾಂಬಿನ್ ಟೈಮ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ) ಪರೀಕ್ಷೆ. ಔಷಧ ವಿಟಮಿನ್ ಕೆ1 ಮಾತ್ರ, ಕೆ3 ಇಲ್ಲಿ ಕೆಲಸಕ್ಕೆ ಬಾರದು. ಕೊಬ್ಬಿನಂಶದ ಆಹಾರದೊಂದಿಗೆ ಸುಮಾರು ನಾಲ್ಕು ವಾರ ಕೊಡಬೇಕಾಗುತ್ತದೆ, ಏಕೆಂದರೆ ಬ್ರೋಮಾಡಿಯೋಲೋನ್ ಯಕೃತ್ತಿನಲ್ಲಿ ವಾರಗಟ್ಟಲೆ ಕೂತಿರುತ್ತದೆ. ನಿಲ್ಲಿಸಿ 48 ಗಂಟೆಗೆ ಮತ್ತೆ ಪರೀಕ್ಷೆ. ನಾಯಿ ಚುರುಕಾಗಿದೆ ಎಂದು ವಾರಕ್ಕೇ ಮಾತ್ರೆ ಬಿಟ್ಟಾಗಲೇ ರಕ್ತಸ್ರಾವ ಮರಳುವುದು.

ಔಷಧ_ವಿವರ:
ಹೌದು, ಒಂದೇ ಜಾತಿ. ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿಯೇ ಮಾರುಕಟ್ಟೆಗೆ ಬಂತು. ಮನುಷ್ಯರಿಗೆ ಅನುಮತಿ ಸಿಕ್ಕಿದ್ದು 1954ರಲ್ಲಿ. ಅಮ್ಮನಿಗೂ ಅದೇ ತಡ ಅನ್ವಯಿಸುತ್ತದೆ: ಇಂದಿನ ಮಾತ್ರೆಯ ಪರಿಣಾಮ ಐಎನ್‌ಆರ್‌ನಲ್ಲಿ (ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ತೋರಿಸುವ ರಕ್ತಪರೀಕ್ಷೆ) ಕಾಣಲು ಎರಡು ಮೂರು ದಿನ ಬೇಕು. ಆದ್ದರಿಂದ ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬಾರದು. ಸೊಪ್ಪು ಬಿಡಬೇಕಾಗಿಲ್ಲ, ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನಲಿ. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಐಎನ್‌ಆರ್ ಏರಿಸುತ್ತದೆ, ನೋವಿನ ಮಾತ್ರೆ ಡೈಕ್ಲೊಫೆನಾಕ್ ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು. ಅಂಗಡಿಯಿಂದ ನೇರವಾಗಿ ತಂದು ಕೊಡಬೇಡಿ.

ತಿಪಟೂರು_ತೋಟ:
ನಾಯಿಗೆ ಮನೆಯಲ್ಲೇ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದೇ?

ಪಶುವೈದ್ಯ:
ಬೇಡ. ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಆ ಹೊತ್ತಿನಲ್ಲಿ ಗಾಡಿ ಹತ್ತಿಸಿ.