ಮಳೆ ರಜೆಯಲ್ಲಿ ಸಣ್ಣ ಮಕ್ಕಳಿಗೆ ಮನೆಯಲ್ಲಿ ಯಾವ ಸಿನಿಮಾ ತೋರಿಸಲಿ?

ಹುಲೇಕಲ್ ಆಯಿ:

ಎಲ್ಲರಿಗೂ ನಮಸ್ಕಾರ. ನಾವು ಶಿರಸಿಯಿಂದ ಹುಲೇಕಲ್ ಕಡೆ ಬರುವ ದಾರಿಯ ಹಳ್ಳಿಯೊಂದರವರು. ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕೂವರೆ. ಈ ಮಳೆಗೆ ಶಾಲೆಗೂ ಅಂಗನವಾಡಿಗೂ ಮೇಲಿಂದ ಮೇಲೆ ರಜೆ. ನಮ್ಮ ಯಜಮಾನರು ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಗಡಿಬಿಡಿಯಲ್ಲಿ ಬೆಳಿಗ್ಗೆ ತೋಟಕ್ಕಿಳಿದರೆ ಬರುವುದು ಕತ್ತಲಾದ ಮೇಲೆಯೇ. ಮಕ್ಕಳ ಕೈಗೆ ಮೊಬೈಲ್ ಕೊಟ್ಟರೆ ಒಂದು ವಿಡಿಯೋ ಮುಗಿಯುವ ಮೊದಲೇ ಇನ್ನೊಂದಕ್ಕೆ ಬೆರಳು ಹೋಗುತ್ತದೆ. ಕಸಿದುಕೊಂಡರೆ ಮನೆ ತುಂಬ ಕೂಗಾಟ. ಅದಕ್ಕಿಂತ ಟಿವಿಯಲ್ಲಿ ಒಂದು ಒಳ್ಳೆಯ ಸಿನಿಮಾ ಹಾಕಿ ಮೂವರೂ ಒಟ್ಟಿಗೆ ಕೂತು ನೋಡಬೇಕು ಅಂತ ನನ್ನ ಆಸೆ.

ಮಗನ ಗೆಳೆಯರು ಹೇಳಿದರು ಅಂತ 'ದಿ ಲಯನ್ ಕಿಂಗ್' ಹಾಕಿದೆವು. ಅಪ್ಪ ಸಿಂಹ ಸತ್ತು ಬಿದ್ದಿರುತ್ತದೆ, ಮರಿ ಅದರ ಕೈಯಡಿಗೆ ನುಸುಳಿ ಮಲಗುತ್ತದಲ್ಲ, ಆ ಜಾಗದಲ್ಲಿ ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅಲ್ಲಿಗೇ ನಿಲ್ಲಿಸಿದೆವು. ಆವತ್ತಿನಿಂದ ಇವರು ಬರುವುದು ಸ್ವಲ್ಪ ತಡವಾದರೂ ಬಾಗಿಲಲ್ಲಿ ನಿಂತು "ಅಪ್ಪ ಬಿದ್ದನಾ?" ಅಂತ ಕೇಳುತ್ತಾಳೆ. ಮಗನದು ಬೇರೆಯೇ ಹಟ, ಉಳಿದರ್ಧ ನೋಡಲೇಬೇಕಂತೆ.

ಇಬ್ಬರಿಗೂ ಆಗುವಂಥ ಸಿನಿಮಾ ಯಾವುದಿದೆ? ಇಬ್ಬರಿಗೂ ಹಿಂದಿ, ಇಂಗ್ಲಿಷ್ ಬಾರದು. ಅಡಿಬರಹ ಓದುವಷ್ಟು ವೇಗ ಮಗನಿಗಿನ್ನೂ ಇಲ್ಲ. ಒಂದು ಸಲಕ್ಕೆ ಎಷ್ಟು ಹೊತ್ತು ತೋರಿಸಬಹುದು ಅನ್ನುವುದನ್ನೂ ತಿಳಿದವರು ಹೇಳಿ.

ಕೋಡಿಬಾಗದವ:

ನಾನು ಸೆನ್ಸಾರ್ ಸರ್ಟಿಫಿಕೇಟ್ ನೋಡಿ ಹಾಕುತ್ತೇನೆ. 'ಯು' ಇದ್ದರೆ ಧೈರ್ಯವಾಗಿ ಹಾಕಿ. ಈಗ 'ಯು/ಎ'ಯಲ್ಲೂ 7, 13, 16 ಅಂತ ವಯಸ್ಸು ಬರೆದೇ ಇರುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ 2021ರ ನಿಯಮದಿಂದ ಹಾಗಿದೆ, ಥಿಯೇಟರ್ ಚಿತ್ರಗಳಿಗೆ 2024ರಿಂದ ಬಂತು. ನನ್ನ ಮಗ ಆರನೇ ಕ್ಲಾಸು. ಇಷ್ಟರ ಮೇಲೇ ನಮ್ಮ ಮನೆಯಲ್ಲಿ ನಡೆಯುತ್ತಿದೆ, ತೊಂದರೆ ಆಗಿಲ್ಲ.

ಹೊನ್ನಾವರದ ಅಕ್ಕೋರು:

ತಂಗಿ, ನಾನು ಶರಾವತಿ ದಂಡೆಯ ಸರ್ಕಾರಿ ಶಾಲೆಯಲ್ಲಿ ನಲಿಕಲಿ ಮಕ್ಕಳಿಗೆ ಪಾಠ ಮಾಡಿ ನಿವೃತ್ತಳಾದವಳು. ಶನಿವಾರ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಸಿನಿಮಾ ತೋರಿಸುತ್ತಿದ್ದೆ. ಈಗ ಮೊಮ್ಮಕ್ಕಳಿಗೆ ತೋರಿಸುತ್ತೇನೆ. ಇದು ನನಗೆ ಬಹಳ ಪ್ರೀತಿಯ ವಿಷಯ, ಉತ್ತರ ಉದ್ದವಾದೀತು.

ಕೋಡಿಬಾಗದ ತಮ್ಮ ಹೇಳಿದ್ದು ಆರನೇ ಕ್ಲಾಸಿನವನಿಗೆ ಸರಿ. ಆದರೆ 'ಯು' ಅಂದರೆ ಯಾರು ಬೇಕಾದರೂ ನೋಡಬಹುದು ಅಂತ ಮಾತ್ರ. ಮಕ್ಕಳಿಗಾಗಿ ಮಾಡಿದ್ದು ಅಂತ ಅಲ್ಲ. ದೊಡ್ಡವರ ಸಂಸಾರದ ಜಗಳ, ಆಸ್ಪತ್ರೆ, ಕಣ್ಣೀರು ಎಲ್ಲ 'ಯು' ಚಿತ್ರಗಳಲ್ಲೂ ಇರುತ್ತವೆ. ನಾಲ್ಕೂವರೆಯ ಹುಡುಗಿಗೆ ಯಾವುದು ತಾಗುತ್ತದೆ ಎನ್ನುವುದನ್ನು ಆ ಅಕ್ಷರ ಹೇಳುವುದಿಲ್ಲ, ಮನೆಯವರೇ ಮೊದಲು ನೋಡಿ ತಿಳಿಯಬೇಕು.

ಹೆದರಿಕೆ ಅಂದರೆ ಪೂರ್ತಿ ಬೇಡ ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆ ಮಕ್ಕಳು ಯಕ್ಷಗಾನ ನೋಡಿಯೇ ಬೆಳೆಯುತ್ತವೆ. ಆಟದಲ್ಲಿ ರಾಕ್ಷಸ ವೇಷ ಅಬ್ಬರಿಸುತ್ತ ರಂಗಕ್ಕೆ ಬಂದರೆ ಮಗು ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಂದೇ ಕಣ್ಣಲ್ಲಿ ನೋಡುತ್ತದೆ. ಮರುದಿನ ಅಂಗಳದಲ್ಲಿ ಅದೇ ರಾಕ್ಷಸನ ಕುಣಿತ. ಹಿಡಿದುಕೊಳ್ಳಲು ಸೆರಗು ಇತ್ತು, ಆ ಹೆದರಿಕೆ ದಕ್ಕಿತು. ನಿಮ್ಮ ಮಗಳಿಗೆ ಆದದ್ದು ಬೇರೆ. ಅಪ್ಪ ಅಮ್ಮ ಸಾಯುವುದು, ಕಾಣೆಯಾಗುವುದು ಈ ವಯಸ್ಸಿನ ಮಕ್ಕಳಿಗೆ ಎಲ್ಲಕ್ಕಿಂತ ದೊಡ್ಡ ಭಯ. ಹೆಸರಾದ ಕಾರ್ಟೂನ್ ಚಿತ್ರಗಳಲ್ಲಿ ಎಷ್ಟೋ ಅಲ್ಲಿಂದಲೇ ಶುರುವಾಗುತ್ತವೆ. 1942ರ 'ಬ್ಯಾಂಬಿ'ಯಲ್ಲಿ ಜಿಂಕೆಮರಿಯ ತಾಯಿಯನ್ನು ಬೇಟೆಗಾರ ಕೊಲ್ಲುತ್ತಾನೆ. 2003ರ 'ಫೈಂಡಿಂಗ್ ನೀಮೋ'ದಲ್ಲಿ ಚಿತ್ರದ ಹೆಸರು ಬೀಳುವ ಮೊದಲೇ ತಾಯಿ ಮೀನು, ಒಂದು ಬಿಟ್ಟು ಅಷ್ಟೂ ಮೊಟ್ಟೆ ಹೋಗಿಬಿಡುತ್ತವೆ. ಅದನ್ನು ತೋರಿಸುವುದಾದರೆ ಹೆಸರು ಬಿದ್ದ ಮೇಲಿಂದ ಹಾಕಿ. ಕಥೆ ಅರ್ಥವಾಗಲು ಏನೂ ಕಮ್ಮಿಯಾಗುವುದಿಲ್ಲ. ಕಡಲಾಮೆಗಳು ಬರುವ ಭಾಗವಂತೂ ನಮ್ಮ ಕರಾವಳಿಯ ಮಕ್ಕಳಿಗೆ ಹಬ್ಬ. ಆದರೆ ಅಪ್ಪನನ್ನು ಹುಡುಕುವ ಮಗಳ ಈಗಿನ ಸ್ಥಿತಿಗೆ ಅದು ಬೇಡ, ಒಂದೆರಡು ವರ್ಷ ಹೋಗಲಿ.

"ಅದು ಸುಳ್ಳು, ಬರೀ ಚಿತ್ರ" ಅಂತ ಏಳೆಂಟು ವರ್ಷದವರಿಗೆ ಹೇಳಿದರೆ ಕೆಲಸಕ್ಕೆ ಬರುತ್ತದೆ. ನಾಲ್ಕರ ಮಗುವಿಗೆ ಆ ಮಾತು ತಲುಪುವುದಿಲ್ಲ. ಅದಕ್ಕೆ ಮಡಿಲು ಬೇಕು, ದೀಪ ಹಚ್ಚಿರಬೇಕು, ಕೈಯಲ್ಲಿ ಒಂದು ಹಲಸಿನ ಹಪ್ಪಳ ಇದ್ದರೆ ಇನ್ನೂ ಒಳ್ಳೆಯದು. ಸಿನಿಮಾ ಎಂದು ಕೋಣೆ ಕತ್ತಲು ಮಾಡಬೇಡಿ. ಟಿವಿಯ ಸದ್ದನ್ನೂ ಇಳಿಸಿಡಿ. ಕಣ್ಣು ಮುಚ್ಚಿಕೊಂಡ ಮಗು ಕಿವಿ ಮುಚ್ಚಿಕೊಂಡಿರುವುದಿಲ್ಲ, ಅದನ್ನು ಹೆದರಿಸುವುದು ಅರ್ಧಕ್ಕರ್ಧ ಸಂಗೀತವೇ.

ಈಗ ಹೆಸರು ಹೇಳುತ್ತೇನೆ. ನಿಮ್ಮ ಇಬ್ಬರಿಗೂ ಸೇರಿ ಒಂದೇ ಚಿತ್ರ ಆರಿಸು ಅಂದರೆ, ನಾನು ಹಿಂದೆ ಮುಂದೆ ನೋಡದೆ 'ಮೈ ನೇಬರ್ ಟೊಟೊರೊ' ಅನ್ನುತ್ತೇನೆ. ಜಪಾನಿನ ಹಯಾವೊ ಮಿಯಾಜಾಕಿ 1988ರಲ್ಲಿ ಮಾಡಿದ್ದು, 86 ನಿಮಿಷ. ಅಪ್ಪನ ಜೊತೆ ಹಳ್ಳಿಯ ಹಳೆಯ ಮನೆಗೆ ಬಂದ ಅಕ್ಕ ತಂಗಿಯರ ಕಥೆ. ತಂಗಿ ಮೇಯ್‌ಗೆ ನಾಲ್ಕೇ ವರ್ಷ, ನಿಮ್ಮ ಮಗಳು ಅವಳನ್ನು ಬಿಟ್ಟು ಬೇರೆ ಯಾರನ್ನೂ ನೋಡುವುದಿಲ್ಲ. ಇಡೀ ಚಿತ್ರದಲ್ಲಿ ಕೆಟ್ಟವನು ಅನ್ನುವವನೇ ಇಲ್ಲ. ಅಟ್ಟದ ಕತ್ತಲಲ್ಲಿ ಮಸಿಯ ಉಂಡೆಗಳಂಥ ಜೀವಿಗಳು, ದೊಡ್ಡ ಕರ್ಪೂರದ ಮರದ ಬುಡದಲ್ಲಿ ಮಲಗಿರುವ ಟೊಟೊರೊ ಎನ್ನುವ ಕಾಡಿನ ದೊಡ್ಡ ಜೀವಿ, ಸುತ್ತ ಗದ್ದೆ. ಸುರಿಯುವ ಮಳೆಯಲ್ಲಿ ಬಸ್ ಸ್ಟಾಪಿನಲ್ಲಿ ಕೊಡೆ ಹಿಡಿದು ಅಪ್ಪನಿಗೆ ಕಾಯುವ ದೃಶ್ಯವೊಂದಿದೆ. ನಮ್ಮ ಶಾಲೆಯ ಮಕ್ಕಳು ಅದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದವು. ಪಕ್ಕದಲ್ಲಿ ಟೊಟೊರೊ ಬಂದು ನಿಂತು, ಕೊಡೆಯ ಮೇಲೆ ಮರದ ಹನಿ ಬೀಳುವ ಸದ್ದಿಗೆ ಅದರ ಕಣ್ಣು ಅರಳುತ್ತದಲ್ಲ, ಆಗ ಒಂದೇ ಸಲ ನಗು. ಜೂನ್ ಜುಲೈನಲ್ಲಿ ಹಂಚಿನ ಮೇಲೆ ಮಳೆ ಹೊಡೆಯುತ್ತಿರುವಾಗಲೇ ಇದನ್ನು ತೋರಿಸಬೇಕು.

ಎರಡು ವಿಷಯ ಮೊದಲೇ ತಿಳಿದಿರಿ. ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಕೊನೆಯ ಭಾಗದಲ್ಲಿ ಮೇಯ್ ಕಾಣೆಯಾಗುತ್ತಾಳೆ, ಕೆರೆಯಲ್ಲಿ ಒಂದು ಮಗುವಿನ ಚಪ್ಪಲಿ ಸಿಗುತ್ತದೆ. ಅದು ಅವಳದಲ್ಲ. ಅವಳೂ ಸಿಗುತ್ತಾಳೆ, ಅಮ್ಮನೂ ಚೇತರಿಸಿಕೊಳ್ಳುತ್ತಾಳೆ. ಇದನ್ನು ಶುರುವಿನಲ್ಲೇ ಮಗಳಿಗೆ ಹೇಳಿಬಿಡಿ. ಕೊನೆ ಗೊತ್ತಾದರೆ ಸ್ವಾರಸ್ಯ ಹೋಗುತ್ತದೆ ಅನ್ನುವುದು ದೊಡ್ಡವರ ಮಾತು. ಮಕ್ಕಳು ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುವುದು ಮುಂದೇನು ಅಂತ ಗೊತ್ತಿರುವ ಸುಖಕ್ಕೇ. ಅದಕ್ಕೇ ವಾರಕ್ಕೊಂದು ಹೊಸ ಚಿತ್ರ ಹುಡುಕುವ ಕೆಲಸವೂ ನಿಮಗಿಲ್ಲ. ನಾಲ್ಕೈದು ಒಳ್ಳೆಯವು ಸಿಕ್ಕರೆ ಈ ಮಳೆಗಾಲಕ್ಕೆ ಬೇಕಾದಷ್ಟಾಯಿತು.

ಭಾಷೆಯ ಚಿಂತೆ ಬಿಡಿ, ಕಥೆ ಹೇಳುವವರು ನೀವೇ. ಯಕ್ಷಗಾನದಲ್ಲಿ ಭಾಗವತರು ಪದ ಹೇಳಿ ಕಥೆ ನಡೆಸುವ ಹಾಗೆ ನೀವು ಪಕ್ಕದಲ್ಲಿ ಕೂತು ನಿಮ್ಮ ಮನೆಯ ಮಾತಿನಲ್ಲೇ ನಡೆಸಿ. ಒಂದೊಂದು ಸಂಭಾಷಣೆಗೂ ಅರ್ಥ ಹೇಳುತ್ತ ಹೋಗಬೇಡಿ. "ನೋಡು, ಅಕ್ಕನಿಗೆ ಸಿಟ್ಟು ಬಂತು", "ಅವಳು ಅಮ್ಮನಿಗೆ ಜೋಳ ಕೊಡಬೇಕು ಅಂತ ಹೊರಟಳು", ಇಷ್ಟು ಸಾಕು. ನಡುವೆ ಮಗು ಕೇಳಿದರೆ ನಿಲ್ಲಿಸಿ ಮಾತಾಡಿ. ಪಟ್ಟಾಗಿ ಕೂತು ಮುಗಿಸಬೇಕೆಂದಿಲ್ಲ. ಎರಡರಿಂದ ಐದು ವರ್ಷದವರಿಗೆ ಎಲ್ಲ ಪರದೆಯೂ ಸೇರಿ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಅಂತ ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ ಹೇಳುತ್ತದೆ. ಟೊಟೊರೊ ಎರಡು ದಿನಕ್ಕೆ ಸರಿಯಾಗುತ್ತದೆ. ಉಳಿದದ್ದು ನಾಳೆ ಅಂದಾಗ ಮಕ್ಕಳು ರಾತ್ರಿಯಿಡೀ ತಾವೇ ಕಥೆ ಕಟ್ಟುತ್ತವೆ, ಅದೂ ಬೇಕಾದದ್ದೇ.

ಹುಲೇಕಲ್ ಆಯಿ:

ಅಕ್ಕೋರೆ, ಎಷ್ಟು ಚೆನ್ನಾಗಿ ಹೇಳಿದಿರಿ. ಕೊನೆ ಮೊದಲೇ ಹೇಳಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಮಾತೇ ಕಮ್ಮಿ ಇರುವಂಥವು, ಸಣ್ಣವು ಇದ್ದರೆ ಹೇಳಿ. ಮಳೆ ಜೋರಾದರೆ ಕರೆಂಟು ಹೋಗುತ್ತದೆ, ನೆಟ್ಟೂ ಇಲ್ಲ. ಕನ್ನಡದವು ಯಾವುವು? ಮಗ ಕನ್ನಡದ್ದನ್ನು ನೋಡಬೇಕು ಅಂತ ಇವರಿಗೂ ಆಸೆ.

ಸದಾಶಿವಗಡ ಮನೆ:

ನಮ್ಮ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಟಿವಿ ಹಿಂದಿ. ಅದಕ್ಕೇ ಮಾತಿಲ್ಲದ್ದು ನಮಗೆ ಸುಲಭವಾಯಿತು. 2015ರ 'ಶಾನ್ ದ ಶೀಪ್' ಸಿನಿಮಾ ಹಾಕಿ ನೋಡಿ. ಕುರಿಗಳು ತಮ್ಮ ಯಜಮಾನನನ್ನು ಹುಡುಕಿಕೊಂಡು ಪೇಟೆಗೆ ಹೋಗುವ ಕಥೆ, ಇಡೀ ಚಿತ್ರದಲ್ಲಿ ಒಂದೂ ಮಾತಿಲ್ಲ. ಬೀದಿ ಪ್ರಾಣಿ ಹಿಡಿಯುವವನೊಬ್ಬ ಬರುತ್ತಾನೆ, ನನ್ನ ಐದರ ಮಗಳು ಅವನಿಗೆ ಸ್ವಲ್ಪ ಹೆದರಿದಳು, ಆಮೇಲೆ ನಕ್ಕಳು. ಅಜ್ಜನೂ ಕೂತು ನೋಡಿದರು. ಮನೆಯಲ್ಲಿ ಎಲ್ಲರಿಗೂ ಒಂದೇ ಸಲ ನಗು ಬಂದ ಚಿತ್ರ ಅದೊಂದೇ.

ಹೊನ್ನಾವರದ ಅಕ್ಕೋರು:

ಸದಾಶಿವಗಡದವರು ಹೇಳಿದ್ದು ಒಳ್ಳೆಯದು, ಅದನ್ನು ಸೇರಿಸಿಕೊಳ್ಳಿ. ಸಣ್ಣದು ಅಂದರೆ ಫ್ರಾನ್ಸಿನ 'ದಿ ರೆಡ್ ಬಲೂನ್', 1956ರದ್ದು, ಅರ್ಧ ಗಂಟೆಗಿಂತ ಚೂರು ಹೆಚ್ಚು. ಪ್ಯಾರಿಸ್ಸಿನ ಬೀದಿಯಲ್ಲಿ ಒಬ್ಬ ಹುಡುಗನ ಹಿಂದೆ ಕೆಂಪು ಬಲೂನೊಂದು ನಾಯಿಮರಿಯ ಹಾಗೆ ಬರುತ್ತದೆ, ಶಾಲೆಗೂ ಬರುತ್ತದೆ. ಮಾತು ಇಲ್ಲವೆನ್ನುವಷ್ಟು ಕಮ್ಮಿ. ಕೊನೆಗೆ ಪುಂಡ ಹುಡುಗರು ಬಲೂನನ್ನು ಹೊಡೆದು ಹಾಕುತ್ತಾರೆ. ಅಲ್ಲಿ ಸಣ್ಣವರು ಅಳುತ್ತಾರೆ. ಆದರೆ ತಕ್ಷಣ ಊರಿನ ಬಲೂನುಗಳೆಲ್ಲ ಹಾರಿ ಬಂದು ಹುಡುಗನನ್ನೇ ಎತ್ತಿಕೊಂಡು ಹೋಗುತ್ತವೆ, ಆದ್ದರಿಂದ ಆ ಅಳುವಿನ ನಡುವೆ ಟಿವಿ ಆರಿಸಬೇಡಿ. ಕರೆಂಟ್ ಹೋಗುವ ಊರಿಗೆ ಇಂಥ ಸಣ್ಣ ಚಿತ್ರಗಳೇ ಸರಿ. ನೆಟ್ ಇದ್ದ ದಿನ ಮೊದಲೇ ಇಳಿಸಿಟ್ಟುಕೊಳ್ಳಿ. ಹಾಗೆ ಮಾಡಿದರೆ ನಡುವೆ ಜಾಹೀರಾತಿನ ಕಾಟವೂ ಇಲ್ಲ, ಚಿತ್ರ ಮುಗಿದ ಕೂಡಲೇ ಇನ್ನೇನೋ ತಾನಾಗಿ ಶುರುವಾಗುವುದೂ ಇಲ್ಲ.

ಕನ್ನಡದ್ದು ಕೇಳಿದಿರಿ. ನೇರವಾಗಿ ಹೇಳುತ್ತೇನೆ, ನಾಲ್ಕೈದು ವರ್ಷದವರಿಗಾಗಿ ಮಾಡಿದ ಕನ್ನಡ ಚಿತ್ರ ಬಹಳ ಕಮ್ಮಿ, ಇದು ನನಗೆ ಯಾವತ್ತೂ ಇರುವ ದುಃಖ. ಪ್ರಶಸ್ತಿ ಬಂದ ಮಕ್ಕಳ ಚಿತ್ರಗಳಲ್ಲಿ ಹಲವು ಮಕ್ಕಳ ಕಷ್ಟದ ಬಗ್ಗೆ ದೊಡ್ಡವರಿಗೆ ಹೇಳುವಂಥವು. ಆದರೂ ಅಭಯ ಸಿಂಹ ಅವರ 'ಗುಬ್ಬಚ್ಚಿಗಳು' ಸಿಕ್ಕರೆ ಬಿಡಬೇಡಿ. ಬೆಂಗಳೂರಿನಲ್ಲಿ ಅಣ್ಣ ತಂಗಿ ಗುಬ್ಬಚ್ಚಿ ಹುಡುಕುತ್ತ ಹೊರಡುತ್ತಾರೆ, ರಾಷ್ಟ್ರಪ್ರಶಸ್ತಿ ಬಂದ ಚಿತ್ರ, ನಿಮ್ಮ ಮಗಳೂ ಕೂರಬಹುದು.

ಮಗನಿಗೆ 1985ರ 'ಬೆಟ್ಟದ ಹೂವು' ತೋರಿಸಿ. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ, ಪುನೀತ್ ರಾಜ್‌ಕುಮಾರ್‌ಗೆ ಬಾಲನಟ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಬಡ ಹುಡುಗ ಕುವೆಂಪು ಅವರ ರಾಮಾಯಣ ದರ್ಶನಂ ಕೊಳ್ಳಲು ಕಾಡಿನ ಅಪರೂಪದ ಹೂ ಹುಡುಕಿ ಕೊಟ್ಟು ದುಡ್ಡು ಕೂಡಿಸುತ್ತಾನೆ. ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ. ಮರದ ಮೇಲೆ ಸೀತಾಳೆ ದಂಡೆಯ ಹೂ ಅರಳುವುದನ್ನು ಕಂಡ ನಿಮ್ಮೂರ ಹುಡುಗನಿಗೆ ಆ ಹುಡುಕಾಟ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ಪುಸ್ತಕವೋ ಕಂಬಳಿಯೋ ಎನ್ನುವ ಜಾಗದಲ್ಲಿ ನಿಲ್ಲಿಸಿ, ನೀನಾದರೆ ಏನು ಮಾಡುತ್ತಿದ್ದೆ ಅಂತ ಕೇಳಿ. ನಮ್ಮ ಶಾಲೆಯಲ್ಲಿ ಇದರ ಮೇಲೆ ಮಕ್ಕಳು ಎರಡು ಗುಂಪಾಗಿ ವಾದಕ್ಕೆ ನಿಂತಿದ್ದವು.

ನಮ್ಮ ಹೊನ್ನಾವರದ ಶಂಕರ್‌ನಾಗ್ ಮಾಡಿದ 'ಮಾಲ್ಗುಡಿ ಡೇಸ್' ಸಿನಿಮಾ ಅಲ್ಲ, ಟಿವಿ ಧಾರಾವಾಹಿ. ಆದರೂ ಹೇಳದೆ ಇರಲಾರೆ. ಅದರಲ್ಲಿ ಸ್ವಾಮಿ ಎನ್ನುವ ಹುಡುಗನ ಕಂತುಗಳು ಏಳು ವರ್ಷಕ್ಕೆ ಹೇಳಿ ಮಾಡಿಸಿದ್ದು, ಒಂದೊಂದೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಹಿಂದಿಯಲ್ಲಿದೆ, ನೀವು ಹೇಳಬೇಕು. ಮಾಸ್ತರು ಬೆತ್ತದಲ್ಲಿ ಹೊಡೆಯುವುದು ಬರುತ್ತದೆ, ಈಗ ಹಾಗೆ ಹೊಡೆಯುವ ಹಾಗಿಲ್ಲ ಅಂತ ಮಗನಿಗೆ ಹೇಳಿ. 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಅವನಿಗೆ ಇನ್ನೆರಡು ವರ್ಷ ಕಳೆದ ಮೇಲೆ.

ಕೋಡಿಬಾಗದವ:

ಅಕ್ಕೋರು ಹೇಳಿದ ಮೇಲೆ 'ಯು' ಬಗ್ಗೆ ನಾನು ಮತ್ತೆ ಯೋಚಿಸಬೇಕು ಅನಿಸಿತು. 'ಬೆಟ್ಟದ ಹೂವು' ನನ್ನ ಮಗನಿಗೂ ಈ ಭಾನುವಾರ ಹಾಕುತ್ತೇನೆ. ಆದರೆ ಹುಲೇಕಲ್ ಅಕ್ಕಾ, ನಿಮ್ಮ ಮಗನ ಲಯನ್ ಕಿಂಗ್ ಉಳಿದರ್ಧದ ಕಥೆ ಏನು?

ಹುಲೇಕಲ್ ಆಯಿ:

ಅದನ್ನೇ ಕೇಳುವವಳಿದ್ದೆ. ತಂಗಿಗೆ ಆಗುವುದಿಲ್ಲ ಅಂತ ಅವನಿಗೂ ಬೇಡ ಅನ್ನಲೇ?

ಹೊನ್ನಾವರದ ಅಕ್ಕೋರು:

ಬೇಡ ಅನ್ನಬೇಡಿ. ಅವನು ದುಃಖದ ಭಾಗ ನೋಡಿ ನಿಂತಿದ್ದಾನೆ, ಮರಿ ಬೆಳೆದು ವಾಪಸು ಬರುವುದನ್ನು ಅವನು ನೋಡಲೇಬೇಕು. ಮಧ್ಯಾಹ್ನ ಮಗಳು ಮಲಗಿದಾಗ ಅವನೊಬ್ಬನಿಗೆ ಹಾಕಿ, ನೀವು ಜೊತೆಗಿರಿ. ಮಗಳಿಗೆ ಚಿತ್ರ ತೋರಿಸಬೇಡಿ, ಆದರೆ ಕಥೆ ಪೂರ್ತಿ ಹೇಳಿ. ಈಗ ಅವಳ ಮನಸ್ಸಿನಲ್ಲಿ ಅದು ಅಪ್ಪ ಬಿದ್ದಲ್ಲಿಗೇ ನಿಂತಿದೆ. ಮರಿಗೆ ಗೆಳೆಯರು ಸಿಕ್ಕಿದರು, ದೊಡ್ಡದಾಯಿತು, ಮನೆಗೆ ಬಂತು, ಅಮ್ಮ ಸಿಕ್ಕಿದಳು, ಇಷ್ಟನ್ನು ಅಣ್ಣನ ಬಾಯಿಂದಲೇ ಹೇಳಿಸಿದರೆ ಇನ್ನೂ ಒಳ್ಳೆಯದು. ಸಂಜೆ ಅಪ್ಪ ತೋಟದಿಂದ ಬರುವುದು ತಡವಾಗುತ್ತದೆ ಅಂತಾದರೆ ಅವರು ಒಂದು ಫೋನ್ ಮಾಡಿ ಮಗಳ ಹತ್ತಿರ ನೇರ ಮಾತಾಡಲಿ.